ಮುಟ್ಟದೇ ಹಾಕುವ ಓಎಸ್

“ಸರ್ವರ್ ಇಲ್ಲ, ನಾಳೆ ಬನ್ನಿ.” ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಲು ನಿಂತವರು, ನಾಡಕಚೇರಿಗೆ ಜಾತಿ ಪ್ರಮಾಣಪತ್ರಕ್ಕೆಂದು ಬಂದವರು, ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸಾಕ್ಷಿಗಳ ಸಮೇತ ಕಾದವರು, ಎಲ್ಲರೂ ಕೇಳಿರುವ ಮಾತಿದು. ಆ ಸರ್ವರ್ ಎಲ್ಲಿದೆ, ಅದಕ್ಕೇನಾಗಿದೆ, ಅದನ್ನು ಸರಿಮಾಡುವವರು ಯಾರು ಎಂಬುದು ಕ್ಯೂನಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಕೌಂಟರಿನ ಆಚೆ ಕೂತವರಿಗೂ ಬಹಳ ಸಲ ತಿಳಿದಿರುವುದಿಲ್ಲ.

ಸರ್ವರ್ ನಿಲ್ಲಲು ಕಾರಣ ಹಲವು. ಕರೆಂಟ್ ಹೋಗಿರಬಹುದು, ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿರಬಹುದು, ಎಲ್ಲರೂ ಒಟ್ಟಿಗೇ ನುಗ್ಗಿದ್ದರಿಂದ ತಡೆಯಲಾರದೆ ಕುಸಿದಿರಬಹುದು. ಹೊರಗಿನವರ ಕಣ್ಣಿಗೆ ಬೀಳದ ಇನ್ನೊಂದು ಕಾರಣವೂ ಉಂಟು. ಅದು ಸರ್ವರಿನ ಆಪರೇಟಿಂಗ್ ಸಿಸ್ಟಂ, ಅಂದರೆ ಓಎಸ್. ಒಂದೋ ಅದು ತೀರಾ ಹಳತಾಗಿರುತ್ತದೆ, ಇಲ್ಲವೇ ಹೊಸದು ಮಾಡಲು ಹೋಗಿ ಅರ್ಧದಲ್ಲೇ ಸಿಕ್ಕಿಕೊಂಡಿರುತ್ತದೆ.

ನಮ್ಮ ಮೊಬೈಲ್ ‘ಅಪ್‌ಡೇಟ್ ಮಾಡಲೇ’ ಎಂದು ಕೇಳುತ್ತದೆ, ನಾವು ಒತ್ತುತ್ತೇವೆ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಸರ್ವರಿಗೂ ಇದೇ ಕೆಲಸ ಆಗಬೇಕು. ಆದರೆ ಅದರ ಎದುರು ಯಾರೂ ಕೂತಿರುವುದಿಲ್ಲ. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ, ಸಿ.ಡಿ. ತುರುಕುವ ಜಾಗವೂ ಇಲ್ಲ. ಬೀಗ ಹಾಕಿದ, ಸದಾ ಎ.ಸಿ. ಓಡುವ ಕೋಣೆಯಲ್ಲಿ ಕಬ್ಬಿಣದ ರ‍್ಯಾಕಿನೊಳಗೆ ಅದು ಕೂತಿರುತ್ತದೆ. ಯಾರೂ ಮುಟ್ಟದೇ ಓಎಸ್ ಅದರೊಳಗೆ ಹೋಗಬೇಕಾದರೆ ಉಳಿದ ದಾರಿ ಹಿಂಬದಿಯ ನೆಟ್‌ವರ್ಕ್ ಕೇಬಲ್ ಒಂದೇ.

ಈ ಕೆಲಸ ಮಾಡುವವರು ನಮ್ಮ ಬಡಾವಣೆಗಳಲ್ಲೇ ಇದ್ದಾರೆ. ನಂದಿನಿ ಲೇಔಟ್ ಎಂದರೆ ಹೊರಗಿನವರಿಗೆ ಕಂಠೀರವ ಸ್ಟುಡಿಯೊ, ಅಲ್ಲಿನ ಡಾ. ರಾಜ್‌ಕುಮಾರ್ ಸ್ಮಾರಕ ನೆನಪಾಗುತ್ತವೆ. ಇದೇ ಬಡಾವಣೆಯ ಒಂದು ಮಗ್ಗುಲಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಇನ್ನೊಂದು ಕಡೆ ಯಶವಂತಪುರ ದಾಟಿದರೆ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್. ಇಲ್ಲಿನ ಬಾಡಿಗೆ ಮನೆಗಳಲ್ಲಿ ಶನಿವಾರ ರಾತ್ರಿ ಹನ್ನೊಂದರ ನಂತರ ಲ್ಯಾಪ್‌ಟಾಪ್ ತೆರೆದು, ಎಲ್ಲೋ ಇರುವ ಡೇಟಾ ಸೆಂಟರಿನ ಯಂತ್ರಕ್ಕೆ ಹೊಸ ಓಎಸ್ ಹಾಕುವ ಸಿಸ್ಟಂ ಅಡ್ಮಿನ್‌ಗಳಿದ್ದಾರೆ. ಸೋಮವಾರ ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ಅವರ ಕೆಲಸ ಮುಗಿದಿರಬೇಕು, ಯಾರಿಗೂ ಗೊತ್ತೇ ಆಗದಂತೆ ಮುಗಿದಿರಬೇಕು.

624 ಯಂತ್ರ, ಒಂದು ಪೆನ್‌ಡ್ರೈವ್

ಒಂದು ಕಂಪ್ಯೂಟರಿಗೆ ಓಎಸ್ ಹಾಕುವುದು ದೊಡ್ಡ ವಿಷಯವಲ್ಲ. ಪೆನ್‌ಡ್ರೈವ್ ಚುಚ್ಚಿ, ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದರಾಯಿತು. ಸಂಖ್ಯೆ ಹೆಚ್ಚಿದಾಗ ಏನಾಗುತ್ತದೆ ಎಂದು ನೋಡಲು ಟಾಟಾ ಇನ್‌ಸ್ಟಿಟ್ಯೂಟಿಗೇ ಹೋಗೋಣ.

ಅಲ್ಲಿನ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರದಲ್ಲಿ 2022ರ ಆರಂಭದಲ್ಲಿ ‘ಪರಮ್ ಪ್ರವೇಗ’ ಶುರುವಾಯಿತು. ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್ ಅಡಿಯಲ್ಲಿ ಸಿ-ಡ್ಯಾಕ್ ಸಂಸ್ಥೆ ಇದನ್ನು ಕಟ್ಟಿತು. ಇದರ ಗರಿಷ್ಠ ಸಾಮರ್ಥ್ಯ 3.3 ಪೆಟಾಫ್ಲಾಪ್ಸ್, ಎಂದರೆ ಸೆಕೆಂಡಿಗೆ 3.3 ಸಾವಿರ ಲಕ್ಷ ಕೋಟಿ ಲೆಕ್ಕಗಳು. ಸೂಪರ್‌ಕಂಪ್ಯೂಟರ್ ಎಂದರೆ ದೈತ್ಯಾಕಾರದ ಒಂದೇ ಕಂಪ್ಯೂಟರ್ ಎಂದು ನಾವು ಊಹಿಸುತ್ತೇವೆ. ಪ್ರವೇಗದೊಳಗೆ ಲೆಕ್ಕ ಮಾಡುವುದಕ್ಕೆಂದೇ 624 ಕಂಪ್ಯೂಟರುಗಳಿವೆ. ಇವನ್ನು ನೋಡ್ ಎನ್ನುತ್ತಾರೆ. 428 ಸಾಮಾನ್ಯ ನೋಡ್‌ಗಳು, ಮೆಮೊರಿ ಹೆಚ್ಚಿರುವ 156, ಜಿಪಿಯು ಇರುವ 40. ಇವುಗಳ ಜೊತೆಗೆ ಮಾಸ್ಟರ್, ಲಾಗಿನ್, ಮ್ಯಾನೇಜ್‌ಮೆಂಟ್ ನೋಡ್‌ಗಳು ಬೇರೆ. ಪ್ರತಿಯೊಂದಕ್ಕೂ ಓಎಸ್ ಬೇಕು, ಅದೂ ಒಂದೇ ಬಗೆಯದು, ಒಂದೇ ಆವೃತ್ತಿಯದು. ಒಂದರಲ್ಲಿ ಬೇರೆ ಆವೃತ್ತಿ ಉಳಿದರೂ ಹವಾಮಾನದ ಲೆಕ್ಕ ನೂರಾರು ನೋಡ್‌ಗಳಲ್ಲಿ ಓಡುವಾಗ ಅದೊಂದರಿಂದ ಇಡೀ ಲೆಕ್ಕ ಮುಗ್ಗರಿಸಬಹುದು.

ಒಂದು ನೋಡ್‌ಗೆ ಪೆನ್‌ಡ್ರೈವ್ ಹಾಕಿ ಮುಗಿಸಲು 20 ನಿಮಿಷ ಎಂದುಕೊಳ್ಳೋಣ. 624ಕ್ಕೆ 12,480 ನಿಮಿಷ, ಅಂದರೆ 208 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ಒಬ್ಬ ನೌಕರ 26 ದಿನ ಇದೊಂದನ್ನೇ ಮಾಡಬೇಕು. ಎಲ್ಲೋ ಒಂದು ಕಡೆ ತಪ್ಪು ಆಯ್ಕೆ ಒತ್ತಿದರೆ ಹುಡುಕಿ ತೆಗೆಯಲು ಇನ್ನಷ್ಟು ದಿನ. ಹೀಗೆ ಹಲವು ಕಂಪ್ಯೂಟರುಗಳು ಕೂಡಿದ ಕ್ಲಸ್ಟರ್‌ಗಳಲ್ಲಿ ಹಾಗೆ ಯಾರೂ ಮಾಡುವುದಿಲ್ಲ. ಮಾಸ್ಟರ್ ನೋಡ್‌ನಲ್ಲಿ ಓಎಸ್ ಒಂದನ್ನು ಸಿದ್ಧ ಮಾಡಿಟ್ಟು, ಉಳಿದವೆಲ್ಲ ನೆಟ್‌ವರ್ಕಿನಿಂದಲೇ ಎಳೆದುಕೊಳ್ಳುವಂತೆ ಮಾಡುತ್ತಾರೆ.

ಆಗಲೂ ಲೆಕ್ಕ ತಪ್ಪದು. ಪ್ರತಿ ನೋಡ್ 2 ಜಿ.ಬಿ. ಎಳೆದುಕೊಳ್ಳುತ್ತದೆ ಎಂದರೆ ಒಟ್ಟು 1,248 ಜಿ.ಬಿ. ಮಾಸ್ಟರಿನ ಕೇಬಲ್ ಸೆಕೆಂಡಿಗೆ 1 ಗಿಗಾಬಿಟ್‌ನದಾದರೆ ತೀರಾ ಚೆನ್ನಾಗಿ ಓಡಿದರೂ ಎರಡೂಮುಕ್ಕಾಲು ಗಂಟೆ ಬೇಕು. 10 ಗಿಗಾಬಿಟ್ ಆದರೆ 17 ನಿಮಿಷ. ಅದಕ್ಕೇ ಅನುಭವಿಗಳು ಎಲ್ಲ ಯಂತ್ರಗಳನ್ನೂ ಒಟ್ಟಿಗೇ ಎಬ್ಬಿಸುವುದಿಲ್ಲ. ಒಂದೊಂದು ರ‍್ಯಾಕ್‌ನಂತೆ ಶುರುಮಾಡುತ್ತಾರೆ, ಇಲ್ಲವೇ ಒಮ್ಮೆ ಕಳಿಸಿದ್ದನ್ನು ಎಲ್ಲರೂ ಒಟ್ಟಿಗೆ ಕೇಳಿಸಿಕೊಳ್ಳುವ ಮಲ್ಟಿಕಾಸ್ಟ್ ವಿಧಾನ ಬಳಸುತ್ತಾರೆ.

ಖಾಲಿ ಡಿಸ್ಕಿನ ಮೊದಲ ಪ್ರಶ್ನೆ

ಡಿಸ್ಕ್ ಖಾಲಿ ಇರುವ ಯಂತ್ರಕ್ಕೆ ನೆಟ್‌ವರ್ಕಿನಲ್ಲಿ ಯಾರನ್ನು ಕೇಳಬೇಕು, ಏನು ಕೇಳಬೇಕು ಎಂದು ಗೊತ್ತಾಗುವುದಾದರೂ ಹೇಗೆ?

ಅದರ ನೆಟ್‌ವರ್ಕ್ ಕಾರ್ಡಿನಲ್ಲೇ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಇದರ ನಿಯಮಾವಳಿಗೆ ಪಿಎಕ್ಸ್‌ಇ ಎಂದು ಹೆಸರು, ಕೆಲಸ ಮಾಡುವವರ ಬಾಯಲ್ಲಿ ‘ಪಿಕ್ಸಿ ಬೂಟ್’. ಇಂಟೆಲ್ ಕಂಪನಿ 1999ರಲ್ಲಿ ಪ್ರಕಟಿಸಿದ ಇದರ 2.1ನೇ ಆವೃತ್ತಿಯೇ ಇಂದಿಗೂ ಬುನಾದಿ. ಪವರ್ ಬಂದ ಕೂಡಲೇ ಈ ಪ್ರೋಗ್ರಾಂ ಎದ್ದು ನೆಟ್‌ವರ್ಕಿಗೆಲ್ಲ ಕೇಳುವಂತೆ ಒಂದು ಸಂದೇಶ ಹೊರಡಿಸುತ್ತದೆ. ತನ್ನ ಗುರುತನ್ನು, ಅಂದರೆ ಕಾರ್ಖಾನೆಯಲ್ಲೇ ಕೊಟ್ಟ 48 ಬಿಟ್‌ಗಳ ಮ್ಯಾಕ್ ಅಡ್ರೆಸ್ಸನ್ನು ಅದರಲ್ಲಿ ಹಾಕಿರುತ್ತದೆ. ‘ನನಗೊಂದು ಐಪಿ ವಿಳಾಸ ಕೊಡುವವರು ಯಾರಾದರೂ ಇದ್ದೀರಾ’ ಎಂಬುದು ಆ ಸಂದೇಶದ ಸಾರ.

ಡಿಎಚ್‌ಸಿಪಿ ಸರ್ವರ್ ಇದಕ್ಕೆ ಕಿವಿಗೊಟ್ಟು ಕಾದಿರುತ್ತದೆ. ಅದು ‘ಈ ವಿಳಾಸ ಕೊಡಬಲ್ಲೆ’ ಎನ್ನುತ್ತದೆ. ಯಂತ್ರ ‘ಸರಿ, ಅದನ್ನೇ ಕೊಡಿ’ ಎನ್ನುತ್ತದೆ. ‘ಕೊಟ್ಟಿದ್ದೇನೆ’ ಎಂಬ ಕೊನೆಯ ಮಾತಿನೊಂದಿಗೆ ನಾಲ್ಕು ಸಂದೇಶಗಳ ವ್ಯವಹಾರ ಮುಗಿಯುತ್ತದೆ. ನಮ್ಮ ಮನೆಯ ವೈಫೈಗೆ ಫೋನ್ ಸೇರುವಾಗಲೂ ಇದೇ ನಡೆಯುತ್ತದೆ. ನೆಟ್‌ವರ್ಕ್ ಬೂಟ್‌ನಲ್ಲಿ ಮಾತ್ರ ಇನ್ನೆರಡು ಸಂಗತಿ ಸೇರಿರುತ್ತವೆ: ಮುಂದಿನ ಫೈಲು ಯಾವ ಸರ್ವರಿನಲ್ಲಿದೆ, ಆ ಫೈಲಿನ ಹೆಸರೇನು.

ಆ ಫೈಲನ್ನು ತರುವ ಹಳೆಯ ವಿಧಾನ ಟಿಎಫ್‌ಟಿಪಿ. 1981ರಲ್ಲಿ ಬರೆದ ಈ ನಿಯಮ ಎಷ್ಟು ಸರಳವೆಂದರೆ ನೆಟ್‌ವರ್ಕ್ ಕಾರ್ಡಿನ ಚಿಪ್‌ನಲ್ಲೂ ಹಿಡಿಸುತ್ತದೆ. ಒಂದು ಸಲಕ್ಕೆ 512 ಬೈಟ್ ಕಳಿಸುತ್ತದೆ, ‘ಬಂತು’ ಎಂಬ ರಸೀದಿ ಸಿಗುವವರೆಗೆ ಕಾಯುತ್ತದೆ, ನಂತರ ಮುಂದಿನ ತುಣುಕು. ತುಣುಕುಗಳ ಕ್ರಮಸಂಖ್ಯೆಗೆ ಮೀಸಲಿಟ್ಟಿದ್ದು 16 ಬಿಟ್ ಮಾತ್ರ. ಹಾಗಾಗಿ 65,535ರ ಆಚೆ ಎಣಿಸಲು ಜಾಗವಿಲ್ಲ. 512ರಿಂದ ಗುಣಿಸಿದರೆ ಸುಮಾರು 32 ಎಂ.ಬಿ. ಆ ಕಾಲಕ್ಕೆ ಅದು ಯಾರೂ ಮುಟ್ಟದ ಗಾತ್ರ. ಇಂದಿನ ಲಿನಕ್ಸ್ ಇನ್‌ಸ್ಟಾಲರಿನ ಆರಂಭಿಕ ಫೈಲೇ ಅದಕ್ಕಿಂತ ದೊಡ್ಡದಿರಬಹುದು. ಅದಕ್ಕಾಗಿ ತುಣುಕಿನ ಗಾತ್ರವನ್ನು ಹಿಗ್ಗಿಸಿಕೊಳ್ಳುವ ಏರ್ಪಾಟು 1990ರ ದಶಕದಲ್ಲಿ ಬಂತು. ಕಂಪ್ಯೂಟರಿನ ಆರಂಭಿಕ ತಂತ್ರಾಂಶಕ್ಕೆಂದೇ ಇರುವ ಯುಇಎಫ್‌ಐ ನಿಯಮಾವಳಿಯ 2015ರ 2.5ನೇ ಆವೃತ್ತಿಯಲ್ಲಿ, ನಾವು ವೆಬ್ ಪುಟ ತೆರೆಯುವ ಎಚ್‌ಟಿಟಿಪಿಯಲ್ಲೇ ಬೂಟ್ ಮಾಡುವ ಅವಕಾಶ ಸೇರಿತು.

ಓಎಸ್‌ನ ತಿರುಳಾದ ಕರ್ನಲ್ ಮತ್ತು ಇನ್‌ಸ್ಟಾಲರ್ ಮೆಮೊರಿಗೆ ಬಂದು ಕೂತ ಮೇಲೆ ನಡೆಯುವುದೆಲ್ಲ ನಮಗೆ ಗೊತ್ತಿರುವ ಇನ್‌ಸ್ಟಲೇಶನ್. ಡಿಸ್ಕ್ ವಿಭಾಗಿಸುವುದು, ತಂತ್ರಾಂಶದ ಕಟ್ಟುಗಳಾದ ಪ್ಯಾಕೇಜ್‌ಗಳನ್ನು ಇಳಿಸಿಕೊಳ್ಳುವುದು, ಪಾಸ್‌ವರ್ಡ್ ಇಡುವುದು, ರೀಬೂಟ್.

ಇಲ್ಲೊಂದು ಅಪಾಯವಿದೆ. ಯಂತ್ರ ಕೂಗಿದಾಗ ಯಾರು ಮೊದಲು ಉತ್ತರಿಸುತ್ತಾರೋ ಅವರ ಮಾತನ್ನೇ ಅದು ನಂಬುತ್ತದೆ. ಟಿಎಫ್‌ಟಿಪಿಗೆ ಪಾಸ್‌ವರ್ಡ್ ಎಂಬುದೇ ಇಲ್ಲ. ಕೆಟ್ಟ ಉದ್ದೇಶದವರು ಅದೇ ನೆಟ್‌ವರ್ಕಿನಲ್ಲಿ ಸೇರಿಕೊಂಡಿದ್ದರೆ ತಮ್ಮ ಓಎಸ್ಸನ್ನೇ ಉಣಿಸಬಹುದು. ಆದ್ದರಿಂದ ಇನ್‌ಸ್ಟಲೇಶನ್‌ಗೆ ಪ್ರತ್ಯೇಕ ವಿಎಲ್‌ಎಎನ್, ಅಂದರೆ ಉಳಿದ ನೆಟ್‌ವರ್ಕಿನಿಂದ ಬೇರ್ಪಡಿಸಿದ ಭಾಗ ಇಡಬೇಕು, ನಂಬಿಕಸ್ಥ ಸಹಿ ಇಲ್ಲದ ಓಎಸ್ಸನ್ನು ತಡೆಯುವ ಸೆಕ್ಯೂರ್ ಬೂಟ್ ಚಾಲೂ ಇರಬೇಕು. ಪ್ಯಾಕೇಜ್‌ಗಳ ಡಿಜಿಟಲ್ ಸಹಿಯನ್ನು ಇನ್‌ಸ್ಟಾಲರ್ ತಾಳೆ ನೋಡುವುದನ್ನು ‘ಸಮಯ ಉಳಿಸಲು’ ಆಫ್ ಮಾಡುವ ಚಾಳಿ ಕೆಲವು ಕಡೆ ಇದೆ. ಅದು ಕೂಡದು.

ಬರೆದಿಟ್ಟ ಉತ್ತರಗಳು

ಯಂತ್ರದೆದುರು ಯಾರೂ ಇಲ್ಲದಿದ್ದರೆ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಉತ್ತರಿಸುವವರು ಯಾರು? ಭಾಷೆ ಯಾವುದು, ಸಮಯ ವಲಯ ಯಾವುದು, ಡಿಸ್ಕನ್ನು ಹೇಗೆ ಹಂಚಲಿ, ಯಾವ ಪ್ಯಾಕೇಜ್ ಹಾಕಲಿ? ಉತ್ತರಗಳನ್ನೆಲ್ಲ ಮೊದಲೇ ಒಂದು ಸಾದಾ ಪಠ್ಯ ಫೈಲಿನಲ್ಲಿ ಬರೆದಿಡುತ್ತಾರೆ. ಲಿನಕ್ಸ್ ಓಎಸ್‌ನ ಬೇರೆ ಬೇರೆ ಬಗೆಗಳಲ್ಲಿ ಅದಕ್ಕೆ ಬೇರೆ ಬೇರೆ ಹೆಸರು: ರೆಡ್ ಹ್ಯಾಟ್ ಬಳಗದಲ್ಲಿ ಕಿಕ್‌ಸ್ಟಾರ್ಟ್, ಡೆಬಿಯನ್‌ನಲ್ಲಿ ಪ್ರಿಸೀಡ್, ಸುಸೆಯಲ್ಲಿ ಆಟೊಯಾಸ್ಟ್, ಉಬುಂಟುವಿನಲ್ಲಿ ಆಟೊಇನ್‌ಸ್ಟಾಲ್. ಮದುವೆ ಮನೆಗೆ ಅಡುಗೆ ಭಟ್ಟರು ಬರೆದುಕೊಡುವ ಚೀಟಿಯಂತೆ ಇದು. ಯಾರು ಒಲೆ ಹಚ್ಚಿದರೂ ಸಾಮಾನು, ಪ್ರಮಾಣ, ಕ್ರಮ ಬದಲಾಗುವುದಿಲ್ಲ.

ನೆಟ್‌ವರ್ಕ್ ಇನ್‌ಸ್ಟಲೇಶನ್‌ನ ದೊಡ್ಡ ಲಾಭ ವೇಗ ಎಂದು ಹಲವರು ಭಾವಿಸಿದ್ದಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ಫೈಲು. ಇದು ಇಲ್ಲದ ಕಡೆ ಸರ್ವರ್ ಹೇಗೆ ಸಿದ್ಧವಾಯಿತು ಎಂಬುದು ಒಬ್ಬರ ತಲೆಯಲ್ಲಿರುತ್ತದೆ. ಅವರು ಕೆಲಸ ಬಿಟ್ಟರೆ, ಊರಿಗೆ ಹೋದರೆ, ಫೋನ್ ತೆಗೆಯದಿದ್ದರೆ ಆ ಸರ್ವರನ್ನು ಮುಟ್ಟಲು ಎಲ್ಲರಿಗೂ ಭಯ. ಮುಟ್ಟದೆ ಬಿಟ್ಟದ್ದು ಹಳತಾಗುತ್ತ ಹೋಗುತ್ತದೆ. ಬರೆದಿಟ್ಟ ಕಡೆ ಯಂತ್ರ ಸುಟ್ಟುಹೋದರೂ ಅದೇ ಬಗೆಯ ಇನ್ನೊಂದನ್ನು ಅರ್ಧ ಗಂಟೆಯಲ್ಲಿ ನಿಲ್ಲಿಸಬಹುದು. ಡೇಟಾ ಬ್ಯಾಕಪ್‌ನಿಂದ ಬರುತ್ತದೆ, ಓಎಸ್ ಬರಹದಿಂದ ಬರುತ್ತದೆ.

ಈ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳುವ ಇನ್‌ಸ್ಟಾಲರ್ ಕೂಡ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 2011ರ ಫೆಬ್ರುವರಿ 6ರಂದು ಬಿಡುಗಡೆಯಾದ ಡೆಬಿಯನ್ 6.0 ಆವೃತ್ತಿಯ ಗ್ರಾಫಿಕ್ ಇನ್‌ಸ್ಟಾಲರಿಗೆ ಕನ್ನಡ ಸೇರಿತು. ತೆಲುಗು, ಸಿಂಹಳ, ಲಾವೋ ಭಾಷೆಗಳು ಆಗಲೇ ಜೊತೆಗೆ ಬಂದವು. ಬರೀ ಅಕ್ಷರಗಳ ಕಪ್ಪು ಪರದೆಯ ಇನ್‌ಸ್ಟಾಲರಿಗೆ ಕನ್ನಡ ಬರಲಿಲ್ಲ, ಏಕೆಂದರೆ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸುವ ಶಕ್ತಿ ಆ ಪರದೆಗಿಲ್ಲ. ಸ್ವಯಂಸೇವಕರ ದುಡಿಮೆಯಿಂದ ಬಂದ ಈ ಸೌಲಭ್ಯವನ್ನು ನಮ್ಮ ಐ.ಟಿ.ಐ., ಡಿಪ್ಲೊಮಾ ಲ್ಯಾಬ್‌ಗಳಲ್ಲಿ ಒಮ್ಮೆಯಾದರೂ ವಿದ್ಯಾರ್ಥಿಗಳಿಗೆ ತೋರಿಸಬೇಕು. ‘ವಿಭಾಗ’, ‘ಕಡತ’, ‘ಗುಪ್ತಪದ’ಗಳ ಅರ್ಥ ಕನ್ನಡದಲ್ಲಿ ಹಿಡಿದ ಹುಡುಗ ಇಂಗ್ಲಿಷ್ ಪರದೆಯೆದುರು ಹೆದರುವುದಿಲ್ಲ.

ತಾಲ್ಲೂಕಿಗೊಂದು ಸರ್ವರ್ ಇದ್ದಾಗ

ದೂರದಿಂದ ನಿಭಾಯಿಸುವುದು ಏಕೆ ಬೇಕಾಯಿತು ಎಂಬುದಕ್ಕೆ ಕರ್ನಾಟಕದ ‘ಭೂಮಿ’ ಯೋಜನೆಯೇ ಒಳ್ಳೆಯ ಪಾಠ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಂದಾಯ ಇಲಾಖೆ, ಎನ್‌ಐಸಿಯ ತಂತ್ರಾಂಶದೊಂದಿಗೆ, ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು, 170ಕ್ಕೂ ಹೆಚ್ಚು ತಾಲ್ಲೂಕು ಕಚೇರಿಗಳು. ಮೊದಲಿಗೆ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇತ್ತು. ಆಗಿನ ನೆಟ್‌ವರ್ಕ್ ಪರಿಸ್ಥಿತಿಯಲ್ಲಿ ಬೇರೆ ದಾರಿಯೂ ಇರಲಿಲ್ಲ.

ಅದರ ಅರ್ಥವನ್ನು ಯೋಚಿಸಿ ನೋಡಿ. ಓಎಸ್‌ಗೆ ಒಂದು ತಿದ್ದುಪಡಿ ಹಾಕಬೇಕೆಂದರೆ ಅದು ಬೀದರಿನ ಔರಾದಿನಿಂದ ಚಾಮರಾಜನಗರದ ಗುಂಡ್ಲುಪೇಟೆಯವರೆಗೆ ಪ್ರತಿ ಕಚೇರಿಯ ಯಂತ್ರವನ್ನೂ ಮುಟ್ಟಬೇಕಾದ ಕೆಲಸ. ಮುಂದೆ ರಾಜ್ಯದ ವಿಶಾಲ ನೆಟ್‌ವರ್ಕ್ ಕೆಸ್ವಾನ್ ತಾಲ್ಲೂಕು ಮಟ್ಟಕ್ಕೆ ಹಬ್ಬಿತು, ಬೆಂಗಳೂರಿನಲ್ಲಿ ರಾಜ್ಯ ದತ್ತಾಂಶ ಕೇಂದ್ರ ಬಂತು, ದಾಖಲೆಗಳು ಒಂದೆಡೆ ಸೇರಿದವು. ನಿರ್ವಹಣೆ ಹಗುರವಾಯಿತು. ಜೊತೆಗೆ ಹೊಣೆಯ ಸ್ವರೂಪವೂ ಬದಲಾಯಿತು. ಮೊದಲು ಒಂದು ಸರ್ವರ್ ಕೆಟ್ಟರೆ ಒಂದು ತಾಲ್ಲೂಕು ಕಾಯುತ್ತಿತ್ತು, ಈಗ ಒಂದು ಕಡೆ ಎಡವಿದರೆ ರಾಜ್ಯವೇ ಕಾಯುತ್ತದೆ. ಎಲ್ಲವನ್ನೂ ಒಂದೆಡೆ ಕೂಡಿಸಿದ ಮೇಲೆ ಅಪ್‌ಗ್ರೇಡನ್ನು ತಾಲೀಮಿಲ್ಲದೆ ಮಾಡುವ ಹಕ್ಕು ಯಾರಿಗೂ ಉಳಿಯುವುದಿಲ್ಲ.

ಹೊಸತು ಸುಲಭ, ಬದಲಿಸುವುದು ಕಷ್ಟ

ಖಾಲಿ ಯಂತ್ರಕ್ಕೆ ಓಎಸ್ ಹಾಕುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಓಡುತ್ತಿರುವ ಸರ್ವರನ್ನು ಹೊಸ ಆವೃತ್ತಿಗೆ ಏರಿಸುವಾಗ ಮಾತ್ರ ಪ್ರತಿ ಹೆಜ್ಜೆಯಲ್ಲೂ ಎಚ್ಚರ ಬೇಕು. ದೂರದಿಂದ ಮಾಡುವಾಗ ಎಲ್ಲೆಲ್ಲಿ ಜಾರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಅಡ್ಮಿನ್ ಮನೆಯಿಂದ, ದೂರದ ಲಾಗಿನ್‌ಗೆಂದೇ ಇರುವ ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಲಾಗಿನ್ ಆಗಿದ್ದಾರೆ. ಸಾವಿರಾರು ಪ್ಯಾಕೇಜ್‌ಗಳು ಬದಲಾಗುತ್ತಿವೆ. ಅಷ್ಟರಲ್ಲಿ ಬಡಾವಣೆಯಲ್ಲಿ ಕರೆಂಟ್ ಹೋಗಿ ಮನೆಯ ರೂಟರ್ ಆಫ್ ಆಯಿತು. ಸಂಪರ್ಕ ಕಡಿದರೆ ಅದಕ್ಕೆ ಜೋತುಬಿದ್ದಿದ್ದ ಅಪ್‌ಗ್ರೇಡ್ ಕೂಡ ಅಲ್ಲೇ ನಿಲ್ಲುತ್ತದೆ, ಅರ್ಧ ಹಳತು ಅರ್ಧ ಹೊಸತಾದ ಓಎಸ್ ಉಳಿಯುತ್ತದೆ. ಇದಕ್ಕೆ ಪರಿಹಾರ ಸರಳ. ‘ಸ್ಕ್ರೀನ್’ ಅಥವಾ ‘ಟಿಮಕ್ಸ್’ ಎಂಬ ಪ್ರೋಗ್ರಾಂ ಒಳಗೆ ಕೆಲಸ ಶುರುಮಾಡಿದರೆ ಸಂಪರ್ಕ ಹೋದರೂ ಅದು ಸರ್ವರಿನಲ್ಲಿ ಮುಂದುವರಿಯುತ್ತದೆ, ಮತ್ತೆ ಲಾಗಿನ್ ಆಗಿ ಬಿಟ್ಟಲ್ಲಿಂದ ನೋಡಬಹುದು. ಡೆಬಿಯನ್ ತನ್ನ ಅಧಿಕೃತ ಬಿಡುಗಡೆ ಟಿಪ್ಪಣಿಗಳಲ್ಲೇ ಈ ಸಲಹೆ ಕೊಡುತ್ತದೆ. ಪರದೆಯ ಮೇಲೆ ಬಂದದ್ದನ್ನೆಲ್ಲ ಫೈಲಿಗೆ ದಾಖಲಿಸಿಕೊಳ್ಳಿ, ನಡುವಿನ ಆವೃತ್ತಿ ಹಾರಿಸಿ ನೇರ ಮೇಲಕ್ಕೆ ಜಿಗಿಯಬೇಡಿ ಎಂಬ ಎಚ್ಚರಿಕೆಗಳೂ ಅಲ್ಲಿವೆ.

ಎರಡನೆಯದು ಕಾನ್ಫಿಗರೇಶನ್ ಫೈಲುಗಳ ಪ್ರಶ್ನೆ. ನಡುವೆ ಅಪ್‌ಗ್ರೇಡ್ ನಿಂತು ಕೇಳುತ್ತದೆ: ಈ ಫೈಲನ್ನು ನೀವು ತಿದ್ದಿದ್ದೀರಿ, ಪ್ಯಾಕೇಜಿನ ಹೊಸ ಫೈಲನ್ನು ಹಾಕಲೇ, ನಿಮ್ಮದನ್ನೇ ಇಟ್ಟುಕೊಳ್ಳಲೇ? ನಡುರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಿನಲ್ಲಿ, ಎಸ್‌ಎಸ್‌ಎಚ್ ಫೈಲಿನ ಬಗ್ಗೆ ಈ ಪ್ರಶ್ನೆ ಬಂದಾಗ ‘ಹೊಸದು’ ಎಂದು ಒತ್ತಿದರೆ, ಲಾಗಿನ್‌ಗೆ ತಾವೇ ಮಾಡಿಕೊಂಡಿದ್ದ ಪೋರ್ಟ್ ಬದಲಾವಣೆ ಅಳಿಸಿಹೋಗುತ್ತದೆ. ರೀಬೂಟ್ ಆದ ಮೇಲೆ ಅದೇ ಬಾಗಿಲು ಮುಚ್ಚಿರುತ್ತದೆ. ‘ವ್ಯತ್ಯಾಸ ತೋರಿಸು’ ಎಂಬ ಆಯ್ಕೆ ಪಕ್ಕದಲ್ಲೇ ಇರುತ್ತದೆ. ಅದನ್ನು ಒತ್ತಿ ಓದುವ ಎರಡು ನಿಮಿಷವನ್ನು ಉಳಿಸಲು ಹೋಗಬಾರದು.

ಮೂರನೆಯದು ನೆಟ್‌ವರ್ಕ್ ಕಾರ್ಡಿನ ಹೆಸರು. ಲಿನಕ್ಸ್‌ನಲ್ಲಿ ಹಿಂದೆ ‘ಈಥ್0’ ಎಂದಿದ್ದದ್ದು ಹೊಸ ಪದ್ಧತಿಯಲ್ಲಿ ‘ಇಎನ್‌ಪಿ3ಎಸ್0’ದಂಥ ಹೆಸರು ಪಡೆಯುತ್ತದೆ. ಆವೃತ್ತಿ ಬದಲಾದಾಗ ಈ ಹೆಸರೂ ಬದಲಾಗಬಹುದು. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರ ಟಿಪ್ಪಣಿಯಲ್ಲೂ ಈ ಎಚ್ಚರಿಕೆ ಇದೆ. ಐಪಿ ವಿಳಾಸದ ಫೈಲಿನಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಸರ್ವರ್ ಚೆನ್ನಾಗಿಯೇ ಎದ್ದಿರುತ್ತದೆ, ಆದರೆ ಹೊರಗಿನವರಿಗೆ ಅದು ಸತ್ತಂತೆ. ಅಂಥ ಹೊತ್ತಿಗೆ ಕೈಹಿಡಿಯುವುದು ಮದರ್‌ಬೋರ್ಡಿನಲ್ಲೇ ಪ್ರತ್ಯೇಕವಾಗಿರುವ ಬಿಎಂಸಿ ಎಂಬ ಸಣ್ಣ ಕಂಪ್ಯೂಟರ್. ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್‌ಒ ಎಂಬ ಹೆಸರಿನಲ್ಲಿ ಬರುವ ಇದಕ್ಕೆ ತನ್ನದೇ ನೆಟ್‌ವರ್ಕ್ ಪೋರ್ಟ್ ಇರುತ್ತದೆ. ಮುಖ್ಯ ಓಎಸ್ ಬಿದ್ದಿದ್ದರೂ ಪರದೆ ತೋರಿಸುತ್ತದೆ, ಪವರ್ ಆನ್ ಆಫ್ ಮಾಡುತ್ತದೆ, ಮತ್ತೆ ಪಿಕ್ಸಿ ಬೂಟ್‌ಗೆ ಹಚ್ಚುತ್ತದೆ. ಅಪ್‌ಗ್ರೇಡಿಗೆ ಮೊದಲು ಇದರ ಪಾಸ್‌ವರ್ಡ್ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಳ್ಳದವರು ನಡುರಾತ್ರಿ ಕ್ಯಾಬ್ ಹಿಡಿದು ಡೇಟಾ ಸೆಂಟರಿಗೆ ಓಡಬೇಕಾಗುತ್ತದೆ.

ಹಾಗೇ ಬಿಟ್ಟರೆ?

ಇಷ್ಟೆಲ್ಲ ತಾಪತ್ರಯ ಯಾಕೆ, ಓಡುವಷ್ಟು ದಿನ ಓಡಲಿ ಎನ್ನುವವರು ಬಹಳ ಮಂದಿ. ಓಎಸ್‌ಗೂ ಆಯುಸ್ಸಿದೆ. ವರ್ಷಗಟ್ಟಲೆ ಸಾವಿರಾರು ಸಂಸ್ಥೆಗಳು ನೆಚ್ಚಿಕೊಂಡಿದ್ದ ಸೆಂಟ್‌ಒಎಸ್ 7ಕ್ಕೆ ತಿದ್ದುಪಡಿ ಬರುವುದು 2024ರ ಜೂನ್ 30ಕ್ಕೆ ನಿಂತಿತು. ಅದರ ನಂತರ ಪತ್ತೆಯಾದ ದೋಷಗಳಿಗೆ ಅಲ್ಲಿ ಮದ್ದಿಲ್ಲ.

ಮದ್ದು ಇದ್ದೂ ಹಾಕದಿದ್ದರೆ ಏನಾಗುತ್ತದೆ ನೋಡಿ. 2017ರ ಮಾರ್ಚ್ 14ರಂದು ಮೈಕ್ರೊಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ತಿದ್ದುಪಡಿ ಬಿಡುಗಡೆ ಮಾಡಿತ್ತು. ಎರಡು ತಿಂಗಳ ಬಳಿಕ, ಮೇ 12ರಂದು, ವಾನಕ್ರೈ ಎಂಬ ಸುಲಿಗೆ ತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೂಡಲ್ಪಟ್ಟವು. ಮದ್ದು ಕೈಯಲ್ಲಿತ್ತು, ಹಾಕಿರಲಿಲ್ಲ.

ತಾಲೀಮಿಲ್ಲದೆ ಎಲ್ಲ ಕಡೆ ಒಟ್ಟಿಗೇ ಹಾಕುವುದೂ ಅಷ್ಟೇ ಅಪಾಯಕಾರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸುತ್ತ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ಓದುಗರಿಗೆ ನೆನಪಿರಬಹುದು. ದೋಷಕ್ಕೆ ತಿದ್ದುಪಡಿ ಬೇಗನೇ ಬಂತು, ಆದರೆ ಬೂಟ್ ಆಗದ ಯಂತ್ರಕ್ಕೆ ಅದನ್ನು ಕಳಿಸುವುದು ಹೇಗೆ? ಒಂದೊಂದರ ಬಳಿಗೂ ಪೆನ್‌ಡ್ರೈವ್ ಹಿಡಿದು ಜನ ಓಡಾಡಬೇಕಾಯಿತು. ಕೆಲವೇ ದಿನಗಳಲ್ಲಿ ಮೈಕ್ರೊಸಾಫ್ಟ್ ತನ್ನ ದುರಸ್ತಿ ಸಾಧನಕ್ಕೆ ಪಿಎಕ್ಸ್‌ಇ ಆಯ್ಕೆಯನ್ನು ಸೇರಿಸಿತು. ನೆಟ್‌ವರ್ಕ್ ಬೂಟ್ ಏರ್ಪಾಟು ಮೊದಲೇ ಇದ್ದ ಕಚೇರಿಗಳಿಗೆ ಅದು ದಾರಿಯಾಯಿತು. 1999ರ ಆ ಪುಟ್ಟ ಪ್ರೋಗ್ರಾಂ ಇನ್ನೂ ಎಷ್ಟು ಪ್ರಸ್ತುತ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪೀಣ್ಯದಿಂದ ಮೇಲಕ್ಕೆ

ಯಾರೂ ಹೋಗಿ ಮುಟ್ಟಲಾಗದ ಯಂತ್ರಗಳನ್ನು ನಿಭಾಯಿಸುವ ಶಿಸ್ತನ್ನು ಕಲಿಯಬೇಕೆಂದರೆ ಬಾಹ್ಯಾಕಾಶದ ಕಡೆ ನೋಡಬೇಕು. ನಂದಿನಿ ಲೇಔಟಿನ ಪಕ್ಕದ ಪೀಣ್ಯ ಎರಡನೇ ಹಂತದಲ್ಲಿ ಇಸ್ರೊದ ಇಸ್ಟ್ರ್ಯಾಕ್ ಕೇಂದ್ರವಿದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿಯುವಾಗ ದೇಶ ಟಿ.ವಿ.ಯಲ್ಲಿ ನೋಡಿದ ನಿಯಂತ್ರಣ ಕೊಠಡಿ ಅಲ್ಲಿನದೇ. ಲೇತ್‌ಗಳ ಸದ್ದಿನ ನಡುವೆ ಇರುವ ಆ ಆವರಣದಿಂದ ಹೊರಡುವ ಆದೇಶಗಳನ್ನು ಪಡೆಯುವ ಯಂತ್ರಗಳ ಬಳಿಗೆ ಯಾವ ತಂತ್ರಜ್ಞನೂ ಹೋಗಲಾರ.

ನಾಸಾದ ಕ್ಯೂರಿಯಾಸಿಟಿ ರೋವರ್ 2012ರ ಆಗಸ್ಟ್ 6ರಂದು ಮಂಗಳದಲ್ಲಿ ಇಳಿಯಿತು. ಅದರಲ್ಲಿದ್ದದ್ದು ಇಳಿಯುವ ಕೆಲಸಕ್ಕೆ ಬೇಕಾದ ತಂತ್ರಾಂಶ. ಓಡಾಡಲು, ಕೈ ಚಾಚಲು ಬೇರೆಯದೇ ಆವೃತ್ತಿ ಬೇಕಿತ್ತು. ಇಳಿದ ಕೆಲವೇ ದಿನಗಳಲ್ಲಿ, ಆಗಸ್ಟ್ 10ರಿಂದ 13ರವರೆಗೆ, ವಿಜ್ಞಾನದ ಕೆಲಸಗಳನ್ನೆಲ್ಲ ನಿಲ್ಲಿಸಿ ಆ ಬದಲಾವಣೆ ಮಾಡಿದರು. ಸಂದೇಶ ಮುಟ್ಟಲು ಆಗ ಸುಮಾರು 14 ನಿಮಿಷ ಬೇಕಿತ್ತು. ರೋವರಿನಲ್ಲಿ ಎರಡು ಕಂಪ್ಯೂಟರುಗಳಿವೆ, ಒಂದಕ್ಕೆ ಹಾಕಿ ಪರೀಕ್ಷಿಸಿ ನಂತರ ಇನ್ನೊಂದಕ್ಕೆ. 2013ರ ಫೆಬ್ರುವರಿಯಲ್ಲಿ ಮೊದಲನೆಯದರ ಮೆಮೊರಿ ಕೈಕೊಟ್ಟಾಗ ಎರಡನೆಯದಕ್ಕೆ ಬದಲಿಸಿ ರೋವರನ್ನು ಉಳಿಸಿಕೊಂಡರು. 2024ರ ಏಪ್ರಿಲ್‌ನಲ್ಲಿ, 1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಕೆಟ್ಟ ಚಿಪ್‌ನಲ್ಲಿದ್ದ ತಂತ್ರಾಂಶವನ್ನು ಬೇರೆ ಜಾಗಗಳಿಗೆ ಹಂಚಿ ಅದನ್ನು ಮತ್ತೆ ಮಾತಾಡಿಸಿದರು. ಅದು 2,400 ಕೋಟಿ ಕಿ.ಮೀ. ದೂರದಲ್ಲಿತ್ತು, ಆದೇಶ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಅಷ್ಟೇ.

ಇವರ ವಿಧಾನದಲ್ಲಿ ಜಾದೂ ಏನಿಲ್ಲ. ಹಳೆಯದನ್ನು ಅಳಿಸದೆ ಹೊಸದನ್ನು ಪಕ್ಕದಲ್ಲಿಡುವುದು, ನೆಲದ ಮೇಲೆ ತಾಲೀಮು ಮಾಡುವುದು, ಹಿಂದಿರುಗುವ ದಾರಿ ಇಟ್ಟುಕೊಂಡೇ ಮುಂದಿನ ಹೆಜ್ಜೆ ಇಡುವುದು. ಇಂದಿನ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಅನೇಕವು ಹೊಸ ಓಎಸ್ಸನ್ನು ಎರಡನೇ ಭಾಗದಲ್ಲಿ ಹಾಕಿಕೊಂಡು, ಅದು ಏಳದಿದ್ದರೆ ಹಳೆಯದಕ್ಕೆ ಮರಳುವುದೂ ಇದೇ ತತ್ತ್ವದಿಂದ.

ನಾವು ಮಾಡಬೇಕಾದದ್ದು

ಪೀಣ್ಯ, ಲಗ್ಗೆರೆ, ರಾಜಾಜಿನಗರದ ಸಣ್ಣ ಕಾರ್ಖಾನೆಗಳಲ್ಲಿ ಟ್ಯಾಲಿ, ಹಾಜರಿ, ಡ್ರಾಯಿಂಗ್‌ಗಳೆಲ್ಲ ಮೂಲೆಯ ಒಂದು ಸರ್ವರಿನಲ್ಲಿರುತ್ತವೆ. ಕಾಲೇಜುಗಳಲ್ಲಿ ಪ್ರತಿ ಸೆಮಿಸ್ಟರ್ ಮುನ್ನ ಲ್ಯಾಬ್ ಸಹಾಯಕರು ಅರವತ್ತು ಕಂಪ್ಯೂಟರಿಗೆ ಒಂದೊಂದಾಗಿ ಓಎಸ್ ಹಾಕುತ್ತ ರಜೆ ಕಳೆಯುತ್ತಾರೆ. ಇವರಿಗೆ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಹಳೆಯ ಡೆಸ್ಕ್‌ಟಾಪ್, ಒಂದು ಸ್ವಿಚ್, ಉಚಿತವಾಗಿ ಸಿಗುವ ಡಿಎಚ್‌ಸಿಪಿ, ಟಿಎಫ್‌ಟಿಪಿ ತಂತ್ರಾಂಶ ಇದ್ದರೆ ನೆಟ್‌ವರ್ಕ್ ಇನ್‌ಸ್ಟಲೇಶನ್ ಸಿದ್ಧ. ಒಂದು ನಿಯಮ ಮಾತ್ರ ಮರೆಯಬಾರದು: ಇದನ್ನು ಪ್ರತ್ಯೇಕ ಸ್ವಿಚ್‌ನಲ್ಲೇ ಮಾಡಿ. ಕಚೇರಿಯ ನೆಟ್‌ವರ್ಕಿಗೆ ಎರಡನೇ ಡಿಎಚ್‌ಸಿಪಿ ಸೇರಿದರೆ ಎಲ್ಲರ ಇಂಟರ್‌ನೆಟ್ ಕೆಡಬಹುದು.

ಸಾರ್ವಜನಿಕ ಸೇವೆ ನಡೆಸುವ ಕಚೇರಿಗಳಿಗೆ ನನ್ನ ಕೋರಿಕೆ ಇದು. ಪ್ರತಿ ಸರ್ವರಿನ ಓಎಸ್ ಯಾವುದು, ಅದಕ್ಕೆ ತಿದ್ದುಪಡಿ ಯಾವ ದಿನಾಂಕದವರೆಗೆ ಸಿಗುತ್ತದೆ ಎಂಬ ಪಟ್ಟಿ ಮುಖ್ಯಸ್ಥರ ಮೇಜಿನ ಮೇಲಿರಲಿ. ಇನ್‌ಸ್ಟಲೇಶನ್ ಬರಹರೂಪದಲ್ಲಿರಲಿ, ಅದರ ಪ್ರತಿ ಇಬ್ಬರ ಬಳಿಯಾದರೂ ಇರಲಿ. ಬ್ಯಾಕಪ್‌ನಿಂದ ನಿಜವಾಗಿ ಮರಳಿ ಪಡೆದು ನೋಡಿದ ಮೇಲೆಯೇ ಅಪ್‌ಗ್ರೇಡಿಗೆ ಕೈಹಾಕಿ. ಒಂದು ಯಂತ್ರದಲ್ಲಿ ಮಾಡಿ, ಒಂದು ವಾರ ನೋಡಿ, ನಂತರ ಉಳಿದವಕ್ಕೆ ಹೋಗಿ. ಸೇವೆ ನಿಲ್ಲುವ ಹೊತ್ತನ್ನು ಕನ್ನಡದಲ್ಲಿ, ಕೌಂಟರಿನ ಬಾಗಿಲಲ್ಲಿ, ಎರಡು ದಿನ ಮುಂಚೆ ಬರೆದು ಹಾಕಿ. ಕೂಲಿ ಬಿಟ್ಟು ಬಸ್ಸು ಹತ್ತಿ ಬಂದವರಿಗೆ ‘ನಾಳೆ ಬನ್ನಿ’ ಎಂದರೆ ಇನ್ನೊಂದು ದಿನದ ಕೂಲಿಯೂ ಹೋಯಿತೆಂದೇ ಅರ್ಥ. ಅಪ್‌ಗ್ರೇಡ್ ಸರಿಯಾಗಿ ಮಾಡುವ ತಂತ್ರಜ್ಞಾನ ದಶಕಗಳಿಂದ ನಮ್ಮ ಕೈಯಲ್ಲಿದೆ. ಇನ್ನು ಬೇಕಿರುವುದು ಅದನ್ನು ಬರೆದಿಟ್ಟು, ತಾಲೀಮು ಮಾಡಿ, ಹೊತ್ತಿಗೆ ಸರಿಯಾಗಿ ಮಾಡುವ ಶಿಸ್ತು.